ದನಗಳ ಕ್ಷಯರೋಗವು ಊರಿಂದೂರಿಗೆ ಸಾಗುವ ದಾರಿಯನ್ನು ಕಂಡುಹಿಡಿಯುವ ಕ್ರಮ

ದನಕರುಗಳಿಗೆ ತಗಲುವ ಅಂಟುಜಾಡ್ಯಗಳಲ್ಲಿ ಎರಡು ತೆರನಾದುವುಗಳುಂಟು. ಕಾಲುಬಾಯಿ ಜ್ವರ, ಗಳಲೆ ರೋಗ, ನೆರಡಿ ಮೊದಲಾದುವು ಊರಿಗೆ ಬಂದ ಕೆಲವು ದಿನಗಳಲ್ಲಿಯೇ ಎಲ್ಲರ ಕಣ್ಣಿಗೂ ಬೀಳುವುವು. ಯಾವ ಹಟ್ಟಿಯಲ್ಲಿ ಮೊದಲು ಕಾಣಿಸಿತು, ಆಮೇಲೆ ಯಾವ ಕೇರಿಗೆ ಹಾಯಿತು ಎಂಬುದನ್ನು ದನ ಕಾಯುವ ಹುಡುಗನೂ ಹೇಳಬಲ್ಲನು. ಹಿಂದಿನವರು ದೊಡ್ಡರೋಗವೆಂದು ಹೆಸರಿಟ್ಟು ನಡುಗುತ್ತಿದ್ದ ಜಾಡ್ಯವೂ ಈ ತೆರನಾದುದೇ. ಅದು ಎಲ್ಲಿದೆಯೆಂಬುದನ್ನು ಬಚ್ಚಿಡುವುದಕ್ಕೆ ಆಗುತ್ತಿರಲಿಲ್ಲವಾದ್ದರಿಂದ ಲಸಿಕೆಯ ಮೂಲಕ ಅದನ್ನು ಸುತ್ತುಗಟ್ಟಿ ಹಿಡಿಯುವುದು ಸಾಧ್ಯವಾಗಿ, ೨೦೧೧ನೆಯ ಇಸವಿಯಲ್ಲಿ ಅದು ಲೋಕದಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು.

ಕ್ಷಯವು ಹಾಗಲ್ಲ. ಈ ರೋಗದ ಕ್ರಿಮಿಯು ಹಸುವಿನ ಮೈಯನ್ನು ಸೇರಿ ತಿಂಗಳುಗಟ್ಟಲೆ, ಕೆಲವು ವೇಳೆ ವರ್ಷಗಟ್ಟಲೆ ಸದ್ದಿಲ್ಲದೆ ಇರುವುದು. ಅಷ್ಟು ದಿವಸವೂ ಹಸುವು ಮೇಯುತ್ತದೆ, ಈಯುತ್ತದೆ, ಹಾಲು ಕೊಡುತ್ತದೆ. ಜಾತ್ರೆಯಲ್ಲಿ ಒಳ್ಳೆಯ ಬೆಲೆಗೂ ಹೋಗುತ್ತದೆ. ಅದು ಬಡವಾಗಿ, ಬೆಳಗಿನ ಹೊತ್ತು ಎದ್ದಾಗಲೂ ತಣ್ಣೀರು ಕುಡಿದಾಗಲೂ ಮೆಲ್ಲಗೆ ಕೆಮ್ಮತೊಡಗಿ, ಕೊರಳಿನ ಗಂಟುಗಳು ಊದಿ, ಪಕ್ಕೆಲುಬುಗಳನ್ನು ಎಣಿಸುವಂತಾಗುವ ಹೊತ್ತಿಗೆ ಅದರ ಮಗ್ಗುಲಲ್ಲಿ ಕಟ್ಟಿದ್ದ ರಾಸುಗಳಿಗೆ ರೋಗವು ಹತ್ತಿಯಾಗಿರಬಹುದು. ಅವುಗಳಲ್ಲಿ ಒಂದೆರಡು ಮಾರಾಟವಾಗಿ ಬೇರೆ ತಾಲ್ಲೂಕನ್ನು ಸೇರಿಯೂ ಇರಬಹುದು. ಆದುದರಿಂದ ಕ್ಷಯವು ಎಲ್ಲಿ ಕಾಣಿಸಿತೋ ಅಲ್ಲಿಯೇ ಹುಟ್ಟಿತೆಂದು ತಿಳಿಯಕೂಡದು. ಅದು ಎಲ್ಲಿಂದ ಬಂದಿತು, ಇಲ್ಲಿಂದ ಎಲ್ಲಿಗೆ ಹೋಯಿತು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕುವವರೆಗೆ ರೋಗವನ್ನು ಹಿಡಿದಂತಾಗಲಿಲ್ಲ. ಈ ಉತ್ತರವನ್ನು ಹುಡುಕುವ ಬಗೆಯನ್ನು ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ ತಿಳಿಸುವುದೇ ಈ ಕರಪತ್ರದ ಉದ್ದೇಶ.

ಕ್ರಿಮಿಯೂ ಅದರ ದಾರಿಯೂ

ಕ್ಷಯದ ಕ್ರಿಮಿಯನ್ನು ಜರ್ಮನಿ ದೇಶದ ರಾಬರ್ಟ್ ಕಾಕ್ ಎಂಬ ವಿದ್ವಾಂಸರು ಕಂಡುಹಿಡಿದು ೧೮೮೨ನೆಯ ಇಸವಿ ಮಾರ್ಚ್ ೨೪ರಂದು ಬರ್ಲಿನ್ ನಗರದಲ್ಲಿ ಪ್ರಕಟಿಸಿದರು. ಮನುಷ್ಯರ ಕ್ಷಯದ ಕ್ರಿಮಿಗೂ ದನಗಳ ಕ್ಷಯದ ಕ್ರಿಮಿಗೂ ಭೇದವುಂಟೆಂದು ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಎಂಬವರು ೧೮೯೮ರಲ್ಲಿ ತೋರಿಸಿದರು. ಇದನ್ನು ಆಧಾರವಾಗಿಟ್ಟುಕೊಂಡು ಕಾಕ್ ಅವರು ೧೯೦೧ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ, ದನದ ಕ್ಷಯದಿಂದ ಮನುಷ್ಯರಿಗೆ ಅಷ್ಟಾಗಿ ಭಯವಿಲ್ಲವೆಂದರು. ಅಷ್ಟು ದೊಡ್ಡ ವಿದ್ವಾಂಸರ ಮಾತಾದರೂ ಅದನ್ನು ಹಾಗೆಯೇ ನಂಬಿಬಿಡದೆ ಬ್ರಿಟಿಷ್ ಸರ್ಕಾರದವರು ಒಂದು ವಿಚಾರಣಾ ಮಂಡಲಿಯನ್ನು ನೇಮಿಸಿದರು. ಆ ಮಂಡಲಿಯು ಹತ್ತು ವರ್ಷಗಳ ಕಾಲ ಪರೀಕ್ಷೆ ನಡೆಯಿಸಿ, ದನದ ಕ್ಷಯವು ಹಾಲಿನ ಮೂಲಕ ಮನುಷ್ಯರಿಗೂ, ಅದರಲ್ಲಿಯೂ ಮಕ್ಕಳಿಗೆ, ತಗಲುವುದೆಂದು ೧೯೧೧ರಲ್ಲಿ ತೀರ್ಮಾನ ಹೇಳಿತು. ಮಕ್ಕಳ ಕೊರಳಿನಲ್ಲಿ ಗಂಡಮಾಲೆಯಾಗಿ, ಹೊಟ್ಟೆಯ ಗ್ರಂಥಿಗಳಲ್ಲಿ, ಮೂಳೆ ಕೀಲುಗಳಲ್ಲಿ ಈ ರೋಗವು ನೆಲಸುವುದುಂಟು. ಆದಕಾರಣ ಇಲ್ಲಿ ಹೇಳುವ ಸಂಗತಿಯು ಕೊಟ್ಟಿಗೆಗೆ ಮಾತ್ರವಲ್ಲದೆ ಅಡಿಗೆಮನೆಗೂ ಸಂಬಂಧಪಟ್ಟದ್ದು.

ದನದಿಂದ ದನಕ್ಕೆ ಈ ರೋಗವು ಹೆಚ್ಚಾಗಿ ಉಸಿರಿನ ಮೂಲಕ ಹೋಗುವುದು. ಗಾಳಿ ಬೆಳಕಿಲ್ಲದ ಕೊಟ್ಟಿಗೆಯಲ್ಲಿ ಒಂದೇ ಗೋದಲಿಗೆ ಮೂತಿಯಿಟ್ಟು ರಾತ್ರಿಯೆಲ್ಲ ಒತ್ತಾಗಿ ನಿಲ್ಲುವ ರಾಸುಗಳಲ್ಲಿ ಒಂದು ಕೆಮ್ಮಿದರೆ ಮತ್ತೊಂದಕ್ಕೆ ತಗಲುವುದು ಸುಲಭ. ಎರಡನೆಯ ದಾರಿ ಹಾಲು. ಕೆಚ್ಚಲಿಗೆ ಕ್ಷಯ ಹತ್ತಿದ ಹಸುಗಳು ಕೆಲವೇ ಇದ್ದರೂ, ಅಂಥ ಒಂದು ಹಸುವಿನ ಹಾಲು ಕುಡಿದ ಕರುವಿಗೆ ರೋಗವು ಬಾರದಿರುವುದು ಅಪರೂಪ. ಸಗಣಿಯಲ್ಲಿ ಬಿದ್ದ ಕ್ರಿಮಿಯು ನೆರಳೂ ತೇವವೂ ಇರುವ ಸ್ಥಳದಲ್ಲಿ ವಾರಗಟ್ಟಲೆ ಬದುಕಿರಬಲ್ಲುದು. ಬಿಸಿಲು ಬಿದ್ದರೆ ಬೇಗನೆ ಸಾಯುವುದು. ಹೀಗಿರುವುದರಿಂದ ಬಯಲಿನ ಗೋಮಾಳದಲ್ಲಿ ಒಟ್ಟಿಗೆ ಮೇಯುವುದಕ್ಕಿಂತ ಕತ್ತಲೆಯ ಕೊಟ್ಟಿಗೆಯಲ್ಲಿ ಒಟ್ಟಿಗೆ ಇರುವುದು ಹೆಚ್ಚು ಅಪಾಯಕರ.

ತಾಯಿಗೆ ಕ್ಷಯವಿದ್ದರೆ ಕರುವಿಗೂ ಹುಟ್ಟಿನಿಂದಲೇ ಬರುವುದೆಂಬ ನಂಬಿಕೆಯು ಹಲವು ಕಡೆ ಇತ್ತು, ಈಗಲೂ ಇಲ್ಲದಿಲ್ಲ. ಇದು ಬಹುಮಟ್ಟಿಗೆ ಸುಳ್ಳು. ಡೆನ್ಮಾರ್ಕ್ ದೇಶದ ಪಶುವೈದ್ಯರಾದ ಬರ್ನ್‌ಹಾರ್ಡ್ ಬಾಂಗ್ ಎಂಬವರು ೧೮೯೨ರಿಂದ ನಡೆಯಿಸಿದ ಪ್ರಯೋಗದಲ್ಲಿ, ರೋಗದ ಹಸುಗಳು ಈದ ಕರುಗಳನ್ನು ಹುಟ್ಟಿದ ಕೂಡಲೇ ಬೇರೆ ಕೊಟ್ಟಿಗೆಗೆ ಸಾಗಿಸಿ ಕಾಯಿಸಿದ ಹಾಲನ್ನು ಕುಡಿಸಿ ಬೆಳೆಸಿದಾಗ ಅವುಗಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಬೆಳೆದುವು. ಆ ದೇಶದಲ್ಲಿ ಮತ್ತೊಂದು ವಿಚಾರವೂ ಹೊರಪಟ್ಟಿತು. ಅಲ್ಲಿ ಹಲವು ಊರುಗಳ ಹಾಲು ಬೆಣ್ಣೆಯ ಕಾರ್ಖಾನೆಗೆ ಬಂದು ಒಂದೇ ತೊಟ್ಟಿಯಲ್ಲಿ ಬೆರೆತು, ಬೆಣ್ಣೆ ತೆಗೆದ ಮೇಲೆ ಉಳಿದ ಹಾಲು ಕರುಗಳಿಗಾಗಿ ಪುನಃ ಊರುಗಳಿಗೆ ಹಂಚಿಹೋಗುತ್ತಿತ್ತು. ಒಂದು ಊರಿನ ಒಂದು ಹಸುವಿನ ರೋಗವು ಹಾಲಿನ ಬಂಡಿಯನ್ನೇರಿ, ಎಂದಿಗೂ ಆ ಹಸುವನ್ನು ಕಾಣದ ಕರುಗಳನ್ನು ಮುಟ್ಟುತ್ತಿತ್ತು. ಆದುದರಿಂದ ೧೮೯೮ರಲ್ಲಿ ಅಂಥ ಹಾಲನ್ನು ಚೆನ್ನಾಗಿ ಕಾಯಿಸಿದ ಹೊರತು ಹಿಂದಕ್ಕೆ ಕೊಡಕೂಡದೆಂದು ಅಲ್ಲಿ ಕಾನೂನಾಯಿತು. ರೋಗದ ದಾರಿಯನ್ನು ಭೂಮಿಯ ಮೇಲಿನ ದೂರದಿಂದ ಅಳೆಯಲಾಗುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು. ಒಂದೇ ಗೋಡೆಯ ಆಚೆ ಈಚೆ ಇರುವ ಎರಡು ಮನೆಗಳಲ್ಲಿ ಒಂದು ಶುದ್ಧವಾಗಿದ್ದು, ಇಪ್ಪತ್ತು ಮೈಲಿ ದೂರದ ಮನೆಯು ರೋಗದಲ್ಲಿ ಪಾಲುಗಾರನಾಗಿರಬಹುದು.

ಸೂಜಿಮದ್ದಿನ ಪರೀಕ್ಷೆ

ಕಣ್ಣಿಗೆ ಕಾಣದ ರೋಗವನ್ನು ಕಾಣಿಸುವುದಕ್ಕೆ ಟ್ಯೂಬರ್ಕ್ಯುಲಿನ್ ಎಂಬ ದ್ರವವನ್ನು ಉಪಯೋಗಿಸುವರು. ಇದನ್ನೂ ಕಾಕ್ ಅವರೇ ೧೮೯೦ರಲ್ಲಿ ತಯಾರಿಸಿದರು. ಅವರು ಎಣಿಸಿದ್ದಂತೆ ಇದು ಔಷಧವಾಗಿ ಕೆಲಸಮಾಡಲಿಲ್ಲ, ಆದರೆ ರೋಗವನ್ನು ಗುರುತಿಸುವುದರಲ್ಲಿ ಇದಕ್ಕೆ ಸಮನಾದುದು ಹುಟ್ಟುವುದಕ್ಕೆ ಬಹುಕಾಲ ಬೇಕಾಯಿತು. ಪಶುವೈದ್ಯರು ರಾಸಿನ ಕೊರಳಿನ ಚರ್ಮದ ಪದರದೊಳಗೆ ಹನಿಯಷ್ಟು ಮದ್ದನ್ನು ಚುಚ್ಚಿ, ಅದಕ್ಕೆ ಮೊದಲು ಚರ್ಮದ ದಪ್ಪವನ್ನು ಅಳೆದು ಬರೆದುಕೊಳ್ಳುವರು. ೭೨ ಗಂಟೆಗಳಾದ ಮೇಲೆ ಪುನಃ ಅಳೆಯುವರು. ಚರ್ಮವು ೪ ಮಿಲಿಮೀಟರಾಗಲಿ ಅದಕ್ಕೆ ಮೇಲ್ಪಟ್ಟಾಗಲಿ ದಪ್ಪನಾಗಿದ್ದರೆ ಆ ರಾಸಿಗೆ ಕ್ಷಯದ ಸೋಂಕು ಇದೆಯೆಂದು ಎಣಿಸುವರು. ಸಂಶಯವಿರುವಲ್ಲಿ ಹಕ್ಕಿಗಳ ಕ್ಷಯದ ಕ್ರಿಮಿಯಿಂದ ತೆಗೆದ ಮದ್ದನ್ನೂ ಪಕ್ಕದಲ್ಲಿ ಚುಚ್ಚಿ ಎರಡು ಊತಗಳನ್ನೂ ಹೋಲಿಸಿ ನೋಡುವರು. ಎಷ್ಟೋ ವೇಳೆ ರೈತರು ಮೊದಲ ದಿನ ರಾಸನ್ನು ಹಿಡಿದುಕೊಟ್ಟು, ಮೂರನೆಯ ದಿನ ಅದನ್ನು ಬೆಟ್ಟದ ಮೇವಿಗೆ ಅಟ್ಟಿಬಿಡುವರು. ಆಗ ಪರೀಕ್ಷೆಯು ವ್ಯರ್ಥವಾಗುವುದು.

ಈ ಪರೀಕ್ಷೆಯ ಇತಿಮಿತಿಗಳನ್ನೂ ತಿಳಿದಿರಬೇಕು. ಸೋಂಕು ತಗಲಿದ ಮೊದಲ ಕೆಲವು ವಾರಗಳಲ್ಲಿ ಊತವು ಬಾರದು. ರೋಗವು ಬಲಿತು ಸಾಯುವ ಸ್ಥಿತಿಯಲ್ಲಿರುವ ರಾಸಿಗೂ ಬಾರದೆ ಹೋಗಬಹುದು. ಈಯುವ ದಿನಗಳು ಹತ್ತಿರವಾದ ಹಸುವಿನಲ್ಲಿಯೂ ಫಲವು ಮಬ್ಬಾಗಬಹುದು. ಒಂದು ಸಲ ಮದ್ದು ಚುಚ್ಚಿದ ಮೇಲೆ ಕೆಲವು ವಾರಗಳ ಕಾಲ ರಾಸು ಎರಡನೆಯ ಮದ್ದಿಗೆ ಸರಿಯಾಗಿ ಊದಿಕೊಳ್ಳುವುದಿಲ್ಲ. ಆದಕಾರಣ ಎರಡು ಪರೀಕ್ಷೆಗಳ ನಡುವೆ ೪೨ ದಿನಗಳಾದರೂ ಕಳೆಯಬೇಕು. ಅಮೆರಿಕದಲ್ಲಿ ಕೆಲವು ವ್ಯಾಪಾರಿಗಳು ಈ ಕೊನೆಯ ಗುಣವನ್ನು ಮೋಸಕ್ಕೆ ತಿರುಗಿಸಿಕೊಂಡಿದ್ದರು. ಸರ್ಕಾರದ ವೈದ್ಯರು ಬರುವುದಕ್ಕೆ ಮುಂಚೆಯೇ ರೋಗದ ಹಸುವಿಗೆ ಗುಟ್ಟಾಗಿ ಮದ್ದು ಚುಚ್ಚಿ, ಪರೀಕ್ಷೆಯಲ್ಲಿ ಊತವು ಬಾರದಂತೆ ಮಾಡಿ, ಶುದ್ಧವೆಂಬ ಪತ್ರವನ್ನು ಪಡೆದು ಮಾರುತ್ತಿದ್ದರು. ೧೯೧೦ರ ಈಚಿನ ವರ್ಷಗಳಲ್ಲಿ ಇಲಿನಾಯ್ ಪ್ರಾಂತ್ಯದ ಒಬ್ಬ ಭಾರಿ ವ್ಯಾಪಾರಿಯಿಂದ ಕೊಂಡ ಹಸುಗಳ ಜತೆಯಲ್ಲಿ ಕ್ಷಯವು ಅನೇಕ ಪ್ರಾಂತ್ಯಗಳ ಹಟ್ಟಿಗಳಿಗೆ ಹೋಯಿತು. ಮಾರುವವನು ತೋರಿಸುವ ಪತ್ರವೊಂದನ್ನೇ ನಂಬದೆ, ಕೊಂಡವನು ತನ್ನ ಹಟ್ಟಿಯಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕೆಂದು ಹೇಳುವುದಕ್ಕೆ ಇಂಥ ಅನುಭವಗಳೇ ಕಾರಣ.

ಪರದೇಶಗಳಲ್ಲಿ ರೋಗದ ನಕ್ಷೆಯನ್ನು ಬರೆದ ಬಗೆ

ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ೧೯೧೭ರಿಂದ ಈ ರೋಗವನ್ನು ನಿರ್ಮೂಲ ಮಾಡುವ ಕೆಲಸವು ಕ್ರಮವಾಗಿ ನಡೆಯಿತು. ಮೊದಲು ಇಷ್ಟಪಟ್ಟ ಹಟ್ಟಿಗಳನ್ನು ಮಾತ್ರ ಪರೀಕ್ಷಿಸುತ್ತಿದ್ದರು. ಶುದ್ಧವಾದ ಹಟ್ಟಿಯ ಸುತ್ತಲೂ ಪರೀಕ್ಷೆಯಾಗದ ಹಟ್ಟಿಗಳಿದ್ದು, ಅಲ್ಲಿಂದ ಕೊಂಡ ರಾಸುಗಳ ಮೂಲಕ ರೋಗವು ಮತ್ತೆ ಮತ್ತೆ ಒಳಗೆ ಬರುತ್ತಿತ್ತು. ಆಮೇಲೆ ಕೌಂಟಿ ಎಂದು ಕರೆಯುವ ಅಲ್ಲಿನ ಜಿಲ್ಲೆಯೊಂದನ್ನೇ ಒಂದು ಗಡಿಯೊಳಗಿನ ಕ್ಷೇತ್ರವೆಂದು ಭಾವಿಸಿ, ಅಲ್ಲಿರುವ ಎಲ್ಲ ರಾಸುಗಳನ್ನೂ ಪರೀಕ್ಷಿಸಿ, ಸೋಂಕಿನವನ್ನು ತೆಗೆದು, ಒಡೆಯರಿಗೆ ಪರಿಹಾರ ಕೊಟ್ಟು, ಹೊರಗಿನಿಂದ ಬರುವುವನ್ನು ತಡೆಯುತ್ತ ಹೋದರು. ೧೯೪೦ರ ಹೊತ್ತಿಗೆ ಎಲ್ಲ ಜಿಲ್ಲೆಗಳಲ್ಲಿಯೂ ಸೋಂಕಿನ ರಾಸುಗಳು ನೂರಕ್ಕೆ ಅರ್ಧಕ್ಕಿಂತ ಕಡಮೆಯಾದುವು. ಆದರೆ ಇದೆಲ್ಲವೂ ಸುಲಭವಾಗಿ ನಡೆಯಲಿಲ್ಲ. ೧೯೩೧ರಲ್ಲಿ ಅಯೊವಾ ಪ್ರಾಂತ್ಯದ ಸೀಡರ್ ಜಿಲ್ಲೆಯ ರೈತರು ಪರೀಕ್ಷೆಯ ಮೇಲೆ ಸಂಶಯಪಟ್ಟು, ಪರಿಹಾರವು ಸಾಲದೆಂದು ಸಿಟ್ಟಾಗಿ ವೈದ್ಯರನ್ನು ಹಟ್ಟಿಯಿಂದ ಅಟ್ಟಿದರು. ಪ್ರಾಂತ್ಯಾಧಿಕಾರಿಯು ಸೈನ್ಯವನ್ನು ಕಳುಹಿಸಬೇಕಾಯಿತು. ಬೆಲೆ ಕುಸಿದಿದ್ದ ಆ ಬಡತನದ ವರ್ಷಗಳಲ್ಲಿ ಹಾಲು ಕೊಡುವ ಹಸುವನ್ನು ರೋಗದ್ದೆಂದು ಎಳೆದೊಯ್ದರೆ ರೈತನಿಗೆ ಹೇಗಿರಬಹುದೆಂಬುದನ್ನು ಊಹಿಸಬಹುದು. ರೋಗದ ದಾರಿಯನ್ನು ತಿಳಿಯಲು ರೈತನು ನಿಜ ಹೇಳಬೇಕು. ನಿಜ ಹೇಳಿದವನು ನಷ್ಟಕ್ಕೆ ಗುರಿಯಾಗುವುದಾದರೆ ಅವನು ಹೇಳನು.

ಆಸ್ಟ್ರೇಲಿಯ ದೇಶದವರು ೧೯೭೦ರಲ್ಲಿ ತೊಡಗಿದ ಕೆಲಸದಲ್ಲಿ ಪ್ರತಿಯೊಂದು ರಾಸಿನ ಬಾಲಕ್ಕೂ ಅದು ಹೊರಟ ಹಟ್ಟಿಯ ಗುರುತಿನ ಚೀಟಿಯನ್ನು ಕಟ್ಟುತ್ತಿದ್ದರು. ಕಸಾಯಿಖಾನೆಯಲ್ಲಿ ಯಾವುದಾದರೊಂದರ ಶ್ವಾಸಕೋಶದಲ್ಲಿ ಕ್ಷಯದ ಗಂಟು ಕಂಡರೆ, ಚೀಟಿಯನ್ನು ಹಿಡಿದು ನೂರಾರು ಮೈಲಿ ದೂರದ ಹಟ್ಟಿಗೆ ಹಿಂದಿರುಗಿ ಹೋಗಿ ಅಲ್ಲಿನ ರಾಸುಗಳನ್ನೆಲ್ಲ ಪರೀಕ್ಷಿಸುವರು. ೧೯೯೭ರ ಕೊನೆಗೆ ಆ ದೇಶವು ಕ್ಷಯದಿಂದ ಮುಕ್ತವೆಂದು ಸಾರಲ್ಪಟ್ಟಿತು.

ಬ್ರಿಟನ್ನಿನ ಕಥೆಯು ಇನ್ನೂ ಬೋಧಪ್ರದವಾದುದು. ಅಲ್ಲಿ ೧೯೩೫ರಿಂದ ಇಷ್ಟಪಟ್ಟವರ ಹಟ್ಟಿಗಳನ್ನೂ ೧೯೫೦ರಿಂದ ಕಡ್ಡಾಯವಾಗಿ ಕ್ಷೇತ್ರ ಕ್ಷೇತ್ರವಾಗಿಯೂ ಪರೀಕ್ಷಿಸಿ, ೧೯೬೦ರಲ್ಲಿ ದೇಶವೆಲ್ಲವೂ ಪರೀಕ್ಷೆಗೆ ಒಳಪಟ್ಟಿತೆಂದು ಸಾರಿದರು. ರೋಗವು ನೈಋತ್ಯದ ಕೆಲವು ಸೀಮೆಗಳಲ್ಲಿ ಮಾತ್ರ ಉಳಿಯಿತು. ಅಲ್ಲಿ ೧೯೭೧ರಲ್ಲಿ ಬ್ಯಾಡ್ಜರ್ ಎಂಬ, ಬಿಲದಲ್ಲಿ ವಾಸಿಸುವ ಕಾಡುಪ್ರಾಣಿಯ ಹೆಣದಲ್ಲಿ ಕ್ಷಯವು ಕಂಡುಬಂದು, ದನಗಳಿಗೆ ರೋಗವನ್ನು ಕೊಡುವುದರಲ್ಲಿ ಅದರ ಪಾಲೆಷ್ಟೆಂಬ ವಾದವು ಈಗಲೂ ನಡೆಯುತ್ತಿದೆ. ೨೦೦೧ರಲ್ಲಿ ಕಾಲುಬಾಯಿ ಜ್ವರವು ಅಲ್ಲಿ ಭಯಂಕರವಾಗಿ ಹರಡಿದಾಗ ಲಕ್ಷಾಂತರ ರಾಸುಗಳನ್ನು ಕೊಂದರು; ಆ ಗದ್ದಲದಲ್ಲಿ ಕ್ಷಯದ ಪರೀಕ್ಷೆಯು ತಿಂಗಳುಗಟ್ಟಲೆ ನಿಂತಿತು. ಜ್ವರವು ಇಳಿದ ಮೇಲೆ ಬರಿದಾದ ಹಟ್ಟಿಗಳನ್ನು ತುಂಬಿಕೊಳ್ಳುವ ಅವಸರದಲ್ಲಿ ರೈತರು ನೈಋತ್ಯದ ಸೀಮೆಗಳಿಂದಲೂ ರಾಸುಗಳನ್ನು ಕೊಂಡರು. ಬಹುಕಾಲದಿಂದ ಶುದ್ಧವಾಗಿದ್ದ ಉತ್ತರದ ಕಂಬ್ರಿಯ ಮೊದಲಾದ ಕಡೆಗಳಲ್ಲಿ ಕ್ಷಯವು ತಲೆಯೆತ್ತಿತು. ಆ ದೇಶದಲ್ಲಿ ಪ್ರತಿ ರಾಸಿಗೂ ಗುರುತಿನ ಪತ್ರವಿದ್ದು, ಅದು ಹಟ್ಟಿಯಿಂದ ಹಟ್ಟಿಗೆ ಹೋದುದೆಲ್ಲವೂ ಸರ್ಕಾರದ ಲೆಕ್ಕದಲ್ಲಿ ದಾಖಲಾಗುತ್ತದೆ. ಆ ಲೆಕ್ಕವನ್ನು ರೋಗದ ನಕ್ಷೆಯ ಜತೆಯಲ್ಲಿಟ್ಟು ನೋಡಿದ ವಿದ್ವಾಂಸರು ೨೦೦೫ರಲ್ಲಿ ಪ್ರಕಟಿಸಿದ ಅಭಿಪ್ರಾಯವೇನೆಂದರೆ, ಮುಂದೆ ಎಲ್ಲಿ ರೋಗ ಕಾಣಿಸುವುದೆಂಬುದನ್ನು ಮುಂಚಿತವಾಗಿ ಹೇಳುವುದಕ್ಕೆ ಹವೆ, ನೆಲ ಮೊದಲಾದುವುಗಳಿಗಿಂತ ರಾಸುಗಳ ಸಾಗಾಟದ ಲೆಕ್ಕವೇ ಹೆಚ್ಚು ಉಪಯುಕ್ತವಾದುದೆಂಬುದು.

ಇದಲ್ಲದೆ ಕ್ರಿಮಿಯೂ ತನ್ನ ಗುರುತನ್ನು ತಾನೇ ಹೊತ್ತುಕೊಂಡಿರುವುದು. ಒಂದೊಂದು ಸೀಮೆಯಲ್ಲಿ ಬಹುಕಾಲ ನೆಲಸಿದ ಕ್ರಿಮಿಗೆ ಒಂದೊಂದು ವಂಶಲಕ್ಷಣವಿರುವುದೆಂದೂ ಅದನ್ನು ಪ್ರಯೋಗಶಾಲೆಯಲ್ಲಿ ಓದಬಹುದೆಂದೂ ಈಗ ತಿಳಿದಿದೆ. ಹಿಂದೆ ಅಮೃತಮಹಲಿನ ರಾಸಿಗೆ ಹಾಕುತ್ತಿದ್ದ ಮುದ್ರೆಯನ್ನು ನೋಡಿ ಅದರ ಮೂಲವನ್ನು ಹೇಳುತ್ತಿದ್ದಂತೆ, ಉತ್ತರದಲ್ಲಿ ಸಿಕ್ಕಿದ ಕ್ರಿಮಿಯ ಲಕ್ಷಣವನ್ನು ನೋಡಿ ಅದು ನೈಋತ್ಯದ ಇಂಥ ಸೀಮೆಯದೆಂದು ಹೇಳುವರು. ಸ್ಕಾಟ್ಲೆಂಡ್ ಸೀಮೆಯು ೨೦೦೯ರಲ್ಲಿ ಕ್ಷಯಮುಕ್ತವೆಂಬ ಮನ್ನಣೆಯನ್ನು ಪಡೆಯಿತು. ರೋಗ ಹೆಚ್ಚಾಗಿರುವ ಸೀಮೆಗಳಿಂದ ಅಲ್ಲಿಗೆ ಬರುವ ರಾಸನ್ನು ಹೊರಡುವ ಮುಂಚೆ ಒಂದು ಸಲ, ಬಂದ ಮೇಲೆ ಇನ್ನೊಂದು ಸಲ ಪರೀಕ್ಷಿಸುವರು. ಗಡಿಯಲ್ಲಿ ಗೋಡೆಯೇನೂ ಇಲ್ಲ.

ಭಾರತದಲ್ಲಿಯೂ ಕನ್ನಡ ನಾಡಿನಲ್ಲಿಯೂ

ಭಾರತದ ಹದಿನೆಂಟು ರಾಜ್ಯಗಳಲ್ಲಿಯೂ ಒಂದು ಕೇಂದ್ರಾಡಳಿತ ಪ್ರದೇಶದಲ್ಲಿಯೂ ನಡೆದ ಪರೀಕ್ಷೆಗಳನ್ನು ಒಟ್ಟುಗೂಡಿಸಿ ೨೦೧೮ರಲ್ಲಿ ಪ್ರಕಟವಾದ ಲೆಕ್ಕದಂತೆ, ಹಸು ಎಮ್ಮೆಗಳಲ್ಲಿ ನೂರಕ್ಕೆ ಸುಮಾರು ೭.೩ರಷ್ಟಕ್ಕೆ ಕ್ಷಯದ ಸೋಂಕು ಇರಬಹುದು. ದೇಶದಲ್ಲೆಲ್ಲ ಸೋಂಕಿನ ರಾಸುಗಳು ೨ ಕೋಟಿ ೧೮ ಲಕ್ಷದಷ್ಟಾಗಬಹುದೆಂದು ಅಂದಾಜು. ಈ ಲೆಕ್ಕವನ್ನು ಪ್ರತಿ ಊರಿಗೂ ಸಮನಾಗಿ ಹಂಚಿಕೊಳ್ಳಕೂಡದು. ಪಟ್ಟಣಗಳ ಸುತ್ತಮುತ್ತ, ಒಂದೇ ಚಾವಣಿಯ ಕೆಳಗೆ ಸೀಮೆಹಸುಗಳನ್ನು ಒತ್ತಾಗಿ ಕಟ್ಟುವ ಕಡೆಗಳಲ್ಲಿ ರೋಗವು ಹೆಚ್ಚು. ಬಯಲಿನಲ್ಲಿ ಮೇಯುವ ನಾಟಿ ದನಗಳಲ್ಲಿ ಕಡಮೆ. ಇಥಿಯೋಪಿಯ ದೇಶದಲ್ಲಿ ನಡೆದ ಪರೀಕ್ಷೆಗಳಲ್ಲಿಯೂ ಹೋಲ್‌ಸ್ಟೀನ್ ಜಾತಿಯ ಹಸುಗಳಿಗಿಂತ ಹಿಣಿಲುಳ್ಳ ನಾಟಿ ಜಾತಿಗಳಿಗೆ ಈ ರೋಗವು ಕಡಮೆಯಾಗಿಯೂ ಸೌಮ್ಯವಾಗಿಯೂ ಹತ್ತುವುದೆಂದು ಕಂಡಿತು. ಹಳ್ಳಿಕಾರ್ ಎತ್ತಿಗೆ ಕ್ಷಯವು ಬಾರದೆಂದು ಇದರಿಂದ ತಿಳಿಯಕೂಡದು. ಸೌಮ್ಯವಾಗಿ ಹತ್ತಿದ ರೋಗವು ಇನ್ನೂ ಹೆಚ್ಚು ಕಾಲ ಅಡಗಿಯೇ ಇರುವುದು.

ಕನ್ನಡ ನಾಡಿನಲ್ಲಿ ರಾಸುಗಳು ಕೈ ಬದಲಾಯಿಸುವ ದೊಡ್ಡ ಸ್ಥಳಗಳೆಂದರೆ ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ, ಚುಂಚನಕಟ್ಟೆ, ಮುಡುಕುತೊರೆ ಮುಂತಾದ ಜಾತ್ರೆಗಳು. ಅಲ್ಲಿ ಕೆಲವು ದಿವಸ ಬಯಲಿನಲ್ಲಿ ನಿಂತುದರಿಂದಲೇ ಕ್ಷಯ ಹತ್ತುವುದು ಅಪರೂಪ. ಅಲ್ಲಿಂದ ಯಾವ ರಾಸು ಯಾರ ಕೊಟ್ಟಿಗೆಗೆ ಹೋಯಿತೆಂಬುದೇ ಮುಖ್ಯ. ಈಚೆಗೆ ಹಾಲಿನ ವ್ಯಾಪಾರವು ಬೆಳೆದಮೇಲೆ ಸೀಮೆಹಸುಗಳು ದಲ್ಲಾಳಿಗಳ ಕೈಯಿಂದ ಲಾರಿಗಳಲ್ಲಿ ಬರುವುವು. ಆ ದಾರಿಗೆ ಜಾತ್ರೆಯಷ್ಟು ಸಾಕ್ಷಿಗಳೂ ಇಲ್ಲ. ಭೂಮಿಯ ಪ್ರತಿಯೊಂದು ತುಂಡಿಗೂ ಖಾತೆ ಪಹಣಿಗಳನ್ನು ತಪ್ಪದೆ ಬರೆಯಿಸಿಟ್ಟುಕೊಂಡು ಬಂದಿರುವ ನಾಡಿನಲ್ಲಿ, ಭೂಮಿಯಷ್ಟೇ ಬಾಳುವ ಹಸುವಿಗೆ ಒಂದು ಸಾಲಿನ ಲೆಕ್ಕವೂ ಇಲ್ಲದಿದ್ದುದು ಸೋಜಿಗವೇ. ಈಗ ಕಿವಿಗೆ ಹಾಕುವ ಹನ್ನೆರಡು ಅಂಕಿಗಳ ಬಿಲ್ಲೆಯು ಈ ಕೊರತೆಯನ್ನು ನೀಗಬಲ್ಲುದು, ಮಾರುವಾಗ ಅದನ್ನು ಕಿತ್ತೆಸೆಯದೆ ಇದ್ದರೆ.

೨೦೦೯ನೆಯ ಇಸವಿಯ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಕೇಂದ್ರ ಕಾನೂನಿನ ಪಟ್ಟಿಯಲ್ಲಿ ದನಗಳ ಕ್ಷಯವೂ ಸೇರಿದೆ. ಅದರಂತೆ, ತನ್ನ ರಾಸಿಗೆ ಇಂಥ ರೋಗವಿದೆಯೆಂದು ನಂಬಲು ಕಾರಣವುಳ್ಳ ಒಡೆಯನು ಗ್ರಾಮಾಧಿಕಾರಿಗಾಗಲಿ ಪಂಚಾಯಿತಿಗಾಗಲಿ ತಿಳಿಸತಕ್ಕದ್ದು, ರಾಸನ್ನು ಬೇರೆಯಾಗಿ ಇಡತಕ್ಕದ್ದು. ಅವರ ಮೂಲಕ ಸುದ್ದಿಯು ಹತ್ತಿರದ ಪಶುವೈದ್ಯರಿಗೆ ಮುಟ್ಟಬೇಕು. ಸೋಂಕಿನ ರಾಸುಗಳನ್ನೆಲ್ಲ ಕೊಂದು ಪರಿಹಾರ ಕೊಡುವ ಪರದೇಶದ ಪದ್ಧತಿಯು ಈ ದೇಶದಲ್ಲಿ ಎಲ್ಲೆಡೆಯೂ ನಡೆಯುತ್ತಿಲ್ಲ. ಆದಕಾರಣ ಸೋಂಕಿನ ಹಸುವು ಬದುಕಿಯೇ ಇರುವುದು. ಅದು ಎಲ್ಲಿ ಇದೆಯೆಂಬುದು ಗೊತ್ತಿರುವುದೋ, ಯಾರಿಗೂ ತಿಳಿಯದಂತೆ ಸಂತೆಗೆ ಹೋಗುವುದೋ ಎಂಬುದರ ಮೇಲೆ ಮುಂದಿನದೆಲ್ಲವೂ ನಿಂತಿದೆ.

ಒಂದು ಊರಿನಲ್ಲಿ ದಾರಿಯನ್ನು ಹುಡುಕುವುದು ಹೇಗೆ

ಅರ್ಥವಾಗುವುದಕ್ಕಾಗಿ ಒಂದು ಊರನ್ನು ಕಲ್ಪಿಸಿಕೊಳ್ಳಬಹುದು. ಮೂಡಲ ಕೇರಿ, ಪಡುವಲ ಕೇರಿ, ಅರ್ಧ ಮೈಲಿ ದೂರದಲ್ಲಿ ಒಂದು ಹೊಸಹಳ್ಳಿ. ದನಗಳಿರುವ ಮನೆಗಳು ನಲವತ್ತು. ಪಶುವೈದ್ಯರು ಪರೀಕ್ಷಿಸಿದಾಗ ಆರು ರಾಸುಗಳಿಗೆ ಊತವು ಬಂದಿತು: ಮೂಡಲ ಕೇರಿಯ ಎರಡು ಮನೆಗಳಲ್ಲಿ ನಾಲ್ಕು, ಪಡುವಲ ಕೇರಿಯಲ್ಲಿ ಒಂದು, ಹೊಸಹಳ್ಳಿಯಲ್ಲಿ ಒಂದು. ಊರಿನ ನಕ್ಷೆಯಲ್ಲಿ ಈ ಮನೆಗಳಿಗೆ ಮಸಿಯ ಚುಕ್ಕೆಯಿಟ್ಟು ನೋಡಿದವರಲ್ಲಿ ಒಬ್ಬನು ಮೂಡಲ ಕೇರಿಯ ಕಟ್ಟೆಯ ನೀರು ಕೆಟ್ಟಿತೆನ್ನುವನು, ಇನ್ನೊಬ್ಬನು ಗಾಳಿಯೆನ್ನುವನು, ಮತ್ತೊಬ್ಬನು ದೃಷ್ಟಿಯೆನ್ನುವನು. ಆದರೆ ಅದೇ ಕಟ್ಟೆಯಲ್ಲಿ ನೀರು ಕುಡಿಯುವ ಬೇರೆ ಹನ್ನೆರಡು ಮನೆಗಳ ದನಗಳು ಶುದ್ಧವಾಗಿರುವುವು. ಆದುದರಿಂದ ಚುಕ್ಕೆಗಳನ್ನು ಬಿಟ್ಟು ರಾಸುಗಳನ್ನು ವಿಚಾರಿಸಬೇಕು.

ವಿಚಾರಿಸಿದಾಗ ಹೊರಪಡುವುದು ಹೀಗೆ. ಮೂಡಲ ಕೇರಿಯ ಮೊದಲನೆಯ ಮನೆಯವನು ಮೂರು ವರ್ಷಗಳ ಕೆಳಗೆ ಪಟ್ಟಣದ ಹತ್ತಿರದಿಂದ ಒಂದು ಸೀಮೆಹಸುವನ್ನು ತಂದನು. ಅದನ್ನು ಕಟ್ಟಿದ ಕೊಟ್ಟಿಗೆಯಲ್ಲಿಯೇ ಅವನ ಮತ್ತೊಂದು ಹಸುವೂ ಇತ್ತು. ಈ ಎರಡಕ್ಕೂ ಈಗ ಊತ. ಪಕ್ಕದ ಮನೆಯ ಕೊಟ್ಟಿಗೆಯ ಗೋಡೆಯು ಒಂದು ಮಳೆಗಾಲದಲ್ಲಿ ಬಿದ್ದುಹೋಗಿ, ಅವನು ತನ್ನ ಎರಡು ಹಸುಗಳನ್ನು ನಾಲ್ಕು ತಿಂಗಳು ಮೊದಲನೆಯವನ ಕೊಟ್ಟಿಗೆಯಲ್ಲಿ ಕಟ್ಟಿದ್ದನು. ಅವೆರಡಕ್ಕೂ ಊತ. ಪಡುವಲ ಕೇರಿಯ ಕಡಸು ಅದೇ ಸೀಮೆಹಸುವಿನ ಕರು. ವರ್ಷದ ಕರುವಾಗಿದ್ದಾಗ ಮಾರಿದ್ದು. ಹೊಸಹಳ್ಳಿಯ ರಾಸಿಗೂ ಆ ಕೊಟ್ಟಿಗೆಗೂ ಸಂಬಂಧವೇ ಇಲ್ಲವೆಂದು ಎಲ್ಲರೂ ಹೇಳಿದರು. ಕೊನೆಗೆ ಆ ಮನೆಯ ಹೆಂಗಸರು, ಆ ಕರುವಿನ ತಾಯಿ ಸತ್ತಾಗ ಮೊದಲನೆಯ ಮನೆಯಿಂದ ಹಾಲು ತಂದು ಹಸಿಯಾಗಿಯೇ ಕುಡಿಸಿದ್ದನ್ನು ನೆನಪಿಗೆ ತಂದರು. ಗಂಡಸರನ್ನು ಮಾತ್ರ ವಿಚಾರಿಸುವ ಅಧಿಕಾರಿಗೆ ಹಾಲಿನ ದಾರಿಯು ಅರ್ಧ ಮಾತ್ರ ಸಿಕ್ಕುವುದು.

ಇಲ್ಲಿಗೆ ಹಿಂದಿನ ದಾರಿಯಾಯಿತು, ಮುಂದಿನದು ಉಳಿದಿದೆ. ಸೀಮೆಹಸುವನ್ನು ಮಾರಿದ ಪಟ್ಟಣದ ಹಟ್ಟಿಯಲ್ಲಿ ಇನ್ನೆಷ್ಟು ಸೋಂಕಿನ ರಾಸುಗಳಿವೆ, ಅಲ್ಲಿಂದ ಬೇರೆ ಯಾವ ಊರುಗಳಿಗೆ ಹೋಗಿವೆ ಎಂಬುದನ್ನು ಆ ಕಡೆಯ ಪಶುವೈದ್ಯರು ನೋಡಬೇಕು. ಮೊದಲನೆಯವನು ಎರಡು ವರ್ಷಗಳ ಕೆಳಗೆ ಅದೇ ಕೊಟ್ಟಿಗೆಯಲ್ಲಿದ್ದ ಮುದಿ ಹಸುವೊಂದನ್ನು ಜಾತ್ರೆಯಲ್ಲಿ ಕೊಟ್ಟಿದ್ದನೆಂದು ಇಟ್ಟುಕೊಳ್ಳಬಹುದು. ಕೊಂಡವನ ಹೆಸರು ಅವನಿಗೆ ನೆನಪಿಲ್ಲ. ಊತ ಬಂದ ಆರು ರಾಸುಗಳಿಗಿಂತಲೂ ಭಯಪಡಬೇಕಾದುದು ಈ ಏಳನೆಯದಕ್ಕೆ. ಆರು ಗೊತ್ತಾದುವು, ಅವುಗಳನ್ನು ಬೇರೆ ಮಾಡಬಹುದು. ಏಳನೆಯದು ಯಾವುದೋ ಊರಿನ ಕೊಟ್ಟಿಗೆಯಲ್ಲಿ ನಿಂತು, ಆ ಮನೆಯ ಮಕ್ಕಳಿಗೆ ಹಾಲು ಕೊಡುತ್ತಿರಬಹುದು.

ಈ ವಿಚಾರಣೆಯು ಸಾಧ್ಯವಾಗಬೇಕಾದರೆ ಪ್ರತಿ ಹಿಡುವಳಿದಾರನೂ ಒಂದು ಪುಸ್ತಕವನ್ನು ಇಡುವುದು ಅಗತ್ಯ. ರಾಸಿನ ಬಿಲ್ಲೆಯ ಅಂಕಿ, ಬಣ್ಣ, ಕೊಂಬು ಸುಳಿಗಳ ಗುರುತು, ಬಂದ ದಿವಸ, ಮಾರಿದವನ ಹೆಸರು, ಊರು, ಜಾತ್ರೆ, ನಡುವೆ ದಲ್ಲಾಳಿಯಿದ್ದರೆ ಅವನ ಹೆಸರು, ಹಾಕಿದ ಕರುಗಳು, ಅವು ಹೋದ ಮನೆ, ಹೊರಗೆ ಹೋದ ದಿವಸ, ಕೊಂಡವನ ವಿಳಾಸ, ಸತ್ತರೆ ಸತ್ತ ಬಗೆ, ಇಷ್ಟೇ. ರಾಸನ್ನು ಬೇರೆಯವರ ಕೊಟ್ಟಿಗೆಯಲ್ಲಿ ತಂಗಿಸಿದುದನ್ನೂ ಬೇರೆಯವರ ಹಾಲನ್ನು ಕರುವಿಗೆ ಕುಡಿಸಿದುದನ್ನೂ ಬರೆಯಬೇಕು. ಬಡಕಲಾಗಿ ಸತ್ತ ರಾಸನ್ನು ಹೂಳುವ ಮೊದಲು ಪಶುವೈದ್ಯರಿಗೆ ಹೇಳಿಕಳುಹಿಸಿ ಶ್ವಾಸಕೋಶವನ್ನೂ ಗ್ರಂಥಿಗಳನ್ನೂ ಪರೀಕ್ಷಿಸುವಂತೆ ಕೇಳುವುದು ಉತ್ತಮ. ಕೆಮ್ಮುವ ರಾಸೆಲ್ಲ ಕ್ಷಯದ್ದಲ್ಲ, ಶ್ವಾಸನಾಳದ ಹುಳುವಿನಿಂದಲೂ ಕೆಮ್ಮು ಬರುವುದು. ಬಡಕಲಾದುದೆಲ್ಲ ಕ್ಷಯವಲ್ಲ, ಎಡೆಬಿಡದ ಭೇದಿಯಿರುವ ಜೋನ್ಸ್ ಎಂಬ ಬೇರೊಂದು ರೋಗವೂ ಉಂಟು. ನಕ್ಷೆಯಲ್ಲಿ ತಪ್ಪು ಚುಕ್ಕೆಯನ್ನಿಟ್ಟು ಒಂದು ಮನೆಗೆ ಕೆಟ್ಟ ಹೆಸರು ತರಕೂಡದು.

ಮನೆಯವರಲ್ಲಿ ಅಥವಾ ಆಳುಗಳಲ್ಲಿ ಯಾರಿಗಾದರೂ ಬಹುದಿನದ ಕೆಮ್ಮಿದ್ದರೆ ಅದನ್ನೂ ವಿಚಾರಿಸಬೇಕು. ಮನುಷ್ಯರ ಕ್ಷಯವು ದನಕ್ಕೆ ಹತ್ತಿದ ಸಂದರ್ಭಗಳು ಈ ದೇಶದಲ್ಲಿ ಕಂಡುಬಂದಿವೆ. ವೆಲ್ಲೂರಿನ ಆಸ್ಪತ್ರೆಯ ರೋಗಿಗಳ ಮಾದರಿಗಳನ್ನು ಪರೀಕ್ಷಿಸಿ ೨೦೨೦ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಯೂರೋಪಿನ ದನಗಳಲ್ಲಿ ಪ್ರಸಿದ್ಧವಾದ ಬೋವಿಸ್ ಎಂಬ ಕ್ರಿಮಿಯ ಬದಲಾಗಿ ಅದರ ದಾಯಾದಿಯಾದ ಓರಿಜಿಸ್ ಎಂಬುದು ಕೆಲವರಲ್ಲಿ ಸಿಕ್ಕಿತು. ಇದೇ ಕ್ರಿಮಿಯು ದಕ್ಷಿಣ ಭಾರತದ ದನಗಳಲ್ಲಿಯೂ ಇದೆ. ಕ್ರಿಮಿಯು ಯಾವ ದಾಯಾದಿಯಾದರೂ ಹಾಲು ಕುದಿದರೆ ಸಾಯುವುದು.

ಸೋಂಕಿನ ರಾಸನ್ನು ಏನು ಮಾಡಬೇಕು

ಊತ ಬಂದ ಹಸುವನ್ನು ಮಾರಿಬಿಡೋಣವೆಂದು ರೈತನಿಗೆ ತೋರುವುದು ಸಹಜ. ಸಾಲ ಮಾಡಿ ಕೊಂಡ ಹಸುವಾದರೆ ಆ ಯೋಚನೆಯು ಇನ್ನೂ ಬಲವಾಗಿರುವುದು. ಆದರೆ ಹಾಗೆ ಮಾರಿದ ಹಸುವೇ ಮುಂದಿನ ಊರಿಗೆ ರೋಗವನ್ನು ಒಯ್ಯುವುದು. ಅದೇ ಸಂತೆಯಲ್ಲಿ ಆ ರೈತನು ಅದರ ಬದಲಿಗೆ ಕೊಳ್ಳುವ ಹಸುವನ್ನು ಇನ್ನೊಬ್ಬನು ಇದೇ ಕಾರಣದಿಂದ ಮಾರಲು ತಂದಿರಬಹುದು. ಮುಖಂಡರು ಇಲ್ಲಿ ಗದರಿಕೆಗಿಂತ ಸಹಾಯದಿಂದ ಹೆಚ್ಚು ಕೆಲಸ ಸಾಧಿಸಬಲ್ಲರು. ಊರಿನ ಹೊರಗೆ ಒಂದು ಚಪ್ಪರ, ಅದಕ್ಕೆ ಬೇರೆ ಗೋದಲಿ, ಬೇರೆ ನೀರಿನ ತೊಟ್ಟಿ, ನೋಡಿಕೊಳ್ಳುವುದಕ್ಕೆ ಒಬ್ಬ ಆಳು ಇಷ್ಟನ್ನು ಪಂಚಾಯಿತಿಯವರು ಏರ್ಪಡಿಸಿದರೆ, ಒಂದೇ ಕೊಟ್ಟಿಗೆಯುಳ್ಳ ಬಡ ರೈತನೂ ತನ್ನ ರಾಸನ್ನು ಬೇರೆಯಿಡಬಲ್ಲನು. ಮನುಷ್ಯರಿಗೆ ಕೊಡುವ ಕ್ಷಯದ ಗುಳಿಗೆಗಳನ್ನು ದನಕ್ಕೆ ಕೊಡಕೂಡದು. ಅವುಗಳಲ್ಲಿ ಪೈರಜಿನಮೈಡ್ ಎಂಬುದಕ್ಕೆ ಬೋವಿಸ್ ಕ್ರಿಮಿಯು ಹುಟ್ಟಿನಿಂದಲೇ ಬಗ್ಗದು. ಅರೆಚಿಕಿತ್ಸೆಯಿಂದ ಉಳಿದ ಔಷಧಗಳೂ ಕೆಲಸಕ್ಕೆ ಬಾರದಂತಾಗುವುವು.

ಬಾಂಗ್ ಅವರ ಕ್ರಮದಂತೆ ಕರುವನ್ನು ಹುಟ್ಟಿದ ದಿನವೇ ತಾಯಿಯಿಂದ ಅಗಲಿಸಿ, ಶುದ್ಧವಾದ ಹಸುವಿನ ಗಿಣ್ಣುಹಾಲನ್ನೂ ಆಮೇಲೆ ಕುದಿಸಿ ಆರಿಸಿದ ಹಾಲನ್ನೂ ಕುಡಿಸಬೇಕು. ಕೆಚ್ಚಲು ನೋವಿಲ್ಲದೆ ಗಟ್ಟಿಯಾಗಿ ಊದಿದ ಹಸುವಿನ ಹಾಲನ್ನು ಯಾವ ಉಪಯೋಗಕ್ಕೂ ತರಕೂಡದು. ಸೋಂಕಿನ ರಾಸು ನಿಂತಿದ್ದ ಕೊಟ್ಟಿಗೆಯ ಸಗಣಿಯನ್ನು ತೆಗೆದು, ನೆಲವನ್ನು ಕೆರೆದು, ಗೋಡೆಯ ಮೇಲ್ಭಾಗದಲ್ಲಿ ಕಿಂಡಿಗಳನ್ನು ತೆರೆದು ಬಿಸಿಲು ಬೀಳುವಂತೆ ಮಾಡಬೇಕು.

ಹೊಸದಾಗಿ ಕೊಂಡ ರಾಸನ್ನು ಮನೆಯ ದನಗಳ ಜತೆಯಲ್ಲಿ ಸೇರಿಸದೆ ಎರಡು ತಿಂಗಳು ಬೇರೆಯಾಗಿ ಕಟ್ಟಿ, ಆ ಅವಧಿಯ ಕೊನೆಯಲ್ಲಿ ಪರೀಕ್ಷೆ ಮಾಡಿಸತಕ್ಕದ್ದು. ಸೋಂಕು ಕಂಡ ಊರಿನಲ್ಲಿ ಉಳಿದ ರಾಸುಗಳನ್ನು ಎರಡು ತಿಂಗಳಿಗೊಂದಾವೃತ್ತಿ ಪರೀಕ್ಷಿಸುತ್ತ, ಒಂದಾದ ಮೇಲೊಂದರಂತೆ ಎರಡು ಪರೀಕ್ಷೆಗಳಲ್ಲಿ ಯಾವುದಕ್ಕೂ ಊತವು ಬಾರದಿದ್ದರೆ ಆಮೇಲೆ ವರ್ಷಕ್ಕೊಮ್ಮೆ ನೋಡಿದರೆ ಸಾಕು. ಮಾರಿಹೋದ ರಾಸಿನ ವಿಚಾರವಾಗಿ ಬೇರೆ ತಾಲ್ಲೂಕಿನ ಪಶುವೈದ್ಯರಿಗೆ ಕಳುಹಿಸುವ ಪತ್ರದಲ್ಲಿ ಬಿಲ್ಲೆಯ ಅಂಕಿ, ರಾಸಿನ ಗುರುತುಗಳು, ಮಾರಿದ ಜಾತ್ರೆಯ ಹೆಸರು, ತಿಂಗಳು, ಕೊಂಡವನು ಮಾತನಾಡುವಾಗ ಹೇಳಿದ ಊರು ಅಥವಾ ಹೋಬಳಿ, ರಾಸನ್ನು ಸಾಗಿಸಿದ ಬಗೆ ಇವುಗಳನ್ನು ತಿಳಿದಷ್ಟು ಬರೆದು, ಮಾರಿದವನು ಸಹಿಮಾಡಿ, ಒಂದು ಪ್ರತಿಯನ್ನು ಪಂಚಾಯಿತಿಯಲ್ಲಿ ಇಡತಕ್ಕದ್ದು.